ತಾಳು ಎಂಬ ಮಾತಿನ ತೂಕ

ಈ ಸಲದ ಶ್ರಾವಣದಲ್ಲಿ ಹುನಗುಂದ ಸೀಮೆಯ ಒಂದು ಊರಿನಲ್ಲಿ ನಮ್ಮ ಪ್ರವಚನ ಏರ್ಪಾಟಾಗಿತ್ತು. ಒಂದು ಸಂಜೆಯ ವಿಷಯ ಸಹನೆ. ಭೂಮಿತಾಯಿಯ ಉದಾಹರಣೆ ಕೊಟ್ಟೆವು. ಉಳಿಪೆಟ್ಟು ತಿಂದು ಮೂರ್ತಿಯಾದ ಕಲ್ಲಿನ ಉದಾಹರಣೆ ಕೊಟ್ಟೆವು. ತೇಯ್ದಷ್ಟೂ ಕಂಪು ಬೀರುವ ಶ್ರೀಗಂಧವೂ ಬಂದುಹೋಯಿತು. ಮೂವತ್ತೈದು ವರ್ಷಗಳಿಂದ ಹೇಳುತ್ತ ಬಂದ ಮಾತುಗಳಾದ್ದರಿಂದ ನಾಲಿಗೆ ತಾನಾಗಿಯೇ ಹರಿಯಿತು, ಭಕ್ತರೂ ತಲೆದೂಗಿದರು. ಮಂಗಳಾರತಿ ಮುಗಿದು ಪ್ರಸಾದ ಹಂಚುವ ಹೊತ್ತಿಗೆ, ಅಷ್ಟು ಹೊತ್ತೂ ಕಂಬಕ್ಕೆ ಬೆನ್ನುಕೊಟ್ಟು ಕುಳಿತಿದ್ದ ಎಂಬತ್ತರ ಆಸುಪಾಸಿನ ಹಿರಿಯರೊಬ್ಬರು ಕೋಲೂರಿಕೊಂಡು ಬಂದರು. ಪಾದಕ್ಕೆ ಹಣೆ ಮುಟ್ಟಿಸಿ ಎದ್ದು, “ಅಜ್ಜಾರ, ತಾಳ್ರಿ ತಾಳ್ರಿ ಅಂತ ಭಾಳ ಚಂದ ಹೇಳಿದ್ರಿ. ಎಲ್ಲೀಮಟಾ ತಾಳೂದು ಅನ್ನೂದೊಂದು ಹೇಳಲಿಲ್ಲ ನೋಡ್ರಿ” ಎಂದರು.

ಅವರು ನಕ್ಕರು. ನಾವೂ ನಕ್ಕೆವು. ಸುತ್ತಲಿದ್ದವರೂ ನಕ್ಕರು. ಆದರೆ ಮಠಕ್ಕೆ ಮರಳಿ ರಾತ್ರಿ ಪೂಜೆಗೆ ಕುಳಿತಾಗ ಆ ಮಾತು ನಮ್ಮನ್ನು ಬಿಡಲಿಲ್ಲ. ಅವರು ಆ ಊರಿನವರಲ್ಲ, ಮಗಳ ಮನೆಗೆ ಬಂದವರು. ಬಾಗಲಕೋಟೆ ಕಡೆಯ ಮುಳುಗಡೆ ಹಳ್ಳಿಯಿಂದ ಎದ್ದು ಪುನರ್ವಸತಿ ಕೇಂದ್ರದಲ್ಲಿ ನೆಲೆಸಿದವರು ಎಂದು ಆಮೇಲೆ ತಿಳಿಯಿತು. ಅವರ ಸಂಗತಿಗೆ ಮುಂದೆ ಬರುತ್ತೇವೆ. ಮೊದಲು ಅವರು ನಮ್ಮ ಕೈಗಿತ್ತ ಶಬ್ದವನ್ನೇ ತಿರುಗಿಸಿ ನೋಡೋಣ.

ಸದ್ಭಕ್ತರೇ, ಹಳಗನ್ನಡದಲ್ಲಿ ‘ತಾಳ್’ ಎಂದರೆ ಹೊರು, ಧರಿಸು, ಹೊಂದು ಎಂದರ್ಥ. ಇಂದಿಗೂ ಜನ್ಮ ತಾಳಿದ, ರೂಪ ತಾಳಿತು, ಮೌನ ತಾಳಿದರು, ಗಟ್ಟಿ ನಿಲುವು ತಾಳಿದರು ಎನ್ನುವುದಿಲ್ಲವೇ? ಅಲ್ಲೆಲ್ಲ ದುಃಖದ ಸುಳಿವೂ ಇಲ್ಲ, ಕಣ್ಣೀರಿನ ಹನಿಯೂ ಇಲ್ಲ. ಒಂದನ್ನು ತನ್ನಲ್ಲಿ ಹಿಡಿದುಕೊಂಡು ನಿಲ್ಲುವುದಷ್ಟೇ ಇದೆ. ಆ ಹಿಡಿಯುವ ಶಕ್ತಿ ಮನುಷ್ಯನಲ್ಲಿದ್ದರೆ ತಾಳ್ಮೆ, ವಸ್ತುವಿನಲ್ಲಿದ್ದರೆ ತಾಳಿಕೆ. ಕೆಲವು ಪ್ರವಚನಕಾರರು ಕೊರಳ ತಾಳಿಯನ್ನೂ ಇದಕ್ಕೆ ತಂದು ಗಂಟುಹಾಕಿ, ತಾಳಿ ಕಟ್ಟಿಸಿಕೊಂಡವಳು ತಾಳಲೇಬೇಕು ಎಂದು ಚಪ್ಪಾಳೆ ಗಿಟ್ಟಿಸುವುದುಂಟು. ಆ ಶಬ್ದವನ್ನು ಹಲವು ವಿದ್ವಾಂಸರು ತಾಳೆಮರದ ಗರಿಗೆ ಒಯ್ಯುತ್ತಾರೆ. ಮಾತಿನ ಚಮತ್ಕಾರವನ್ನು ವ್ಯಾಕರಣವೆಂದು ನಂಬಿ ಹೆಣ್ಣುಮಕ್ಕಳ ತಲೆಯ ಮೇಲೆ ಹೊರೆ ಹೇರಬಾರದು.

ಇನ್ನು ಸಂಸ್ಕೃತದ ಕಡೆಯಿಂದ ಬಂದ ಶಬ್ದಗಳು. ಬದಾಮಿಯ ಬಳಿ ಮಲಪ್ರಭೆಯ ದಂಡೆಯಲ್ಲಿ ಹಾನಗಲ್ಲ ಕುಮಾರ ಶಿವಯೋಗಿಗಳು 1909ರಲ್ಲಿ ಕಟ್ಟಿದ ಶಿವಯೋಗಮಂದಿರದಲ್ಲಿ ನಾವು ಬಾಲ್ಯದಲ್ಲಿ ವಟುವಾಗಿದ್ದೆವು. ಮಾಗಿಯ ಚಳಿಯಲ್ಲಿ ನಸುಕಿನಲ್ಲೇ ಎದ್ದು ಹೊಳೆಯ ನೀರಿಗಿಳಿಯಬೇಕು. ಹಲ್ಲು ಕಟಕಟ ಎನ್ನುತ್ತಿದ್ದರೂ ಮಂತ್ರ ತಪ್ಪುವಂತಿಲ್ಲ. ಒಂದು ದಿನ ಪಾಠದ ಶಾಸ್ತ್ರಿಗಳು ‘ತಿತಿಕ್ಷೆ’ ಎಂಬ ಶಬ್ದಕ್ಕೆ ಅರ್ಥ ಕೇಳಿದರು. ಶೀತೋಷ್ಣ, ಸುಖದುಃಖಗಳನ್ನು ಸಹಿಸುವುದು ಎಂದು ನಾವೆಲ್ಲ ಒಪ್ಪಿಸಿದೆವು. “ಧಾತು ಯಾವುದು?” ಎಂದರು. ಯಾರಿಗೂ ಬರಲಿಲ್ಲ. ‘ತಿಜ್’ ಎಂಬ ಧಾತು. ಹರಿತ ಮಾಡುವುದು ಎಂಬುದು ಅದರ ಮೂಲಾರ್ಥ. ಪಾಣಿನಿ ಮಹರ್ಷಿ ಅದಕ್ಕೆ ‘ಸನ್’ ಪ್ರತ್ಯಯ ಹಚ್ಚಿ ತಿತಿಕ್ಷೆಯನ್ನು ಸಾಧಿಸಿದ್ದಾನೆ. ‘ತೇಜಸ್ಸು’ ಎಂಬುದೂ ಆ ಧಾತುವಿನ ಕೂಸೇ ಎಂದು ಅವರು ಬಿಡಿಸಿ ಹೇಳಿದರು. ‘ಸಹನೆ’ಯ ಕಥೆಯೂ ಅಂಥದೇ. ವೇದಕಾಲದಲ್ಲಿ ‘ಸಹ್’ ಎಂದರೆ ಎದುರಿಸು, ಗೆಲ್ಲು ಎಂಬ ಅರ್ಥವೇ ಮುಂದಿತ್ತು. ‘ಸಹಸ್’ ಎಂದರೆ ಬಲ. ಸಾಹಸ ಹುಟ್ಟಿದ್ದು ಅದರಿಂದಲೇ. ಸಹನೆಯೂ ಸಾಹಸವೂ ಒಂದೇ ತಾಯಿಯ ಮಕ್ಕಳು. ಆ ಪಾಠ ಕೇಳಿದ ಮರುದಿನ ಹೊಳೆಯ ನೀರೇನೂ ಬೆಚ್ಚಗಾಗಲಿಲ್ಲ. ಆದರೆ ಚಳಿಯಲ್ಲಿ ಮೊಂಡಾಗದೆ ಹರಿತವಾಗಬೇಕು ಎಂಬುದು ಮಾತ್ರ ತಲೆಯಲ್ಲಿ ಕುಳಿತಿತು.

ಶಾಸ್ತ್ರದ ಮಾತು ಅಲ್ಲಿಗೆ ಸಾಕು. ಆ ಹಿರಿಯರ ಪ್ರಶ್ನೆಗೆ ಉತ್ತರ ನಮಗೆ ದೊರೆತದ್ದು ಗ್ರಂಥದಲ್ಲಿ ಅಲ್ಲ. ನಮ್ಮ ಜನ ದಿನನಿತ್ಯ ಈ ಶಬ್ದವನ್ನು ಹೇಗೆ ಬಳಸುತ್ತಾರೆ ಎಂದು ಕಿವಿಗೊಟ್ಟು ಕೇಳತೊಡಗಿದಾಗ ಅದು ತಾನಾಗಿ ಬಂತು.

ಇಳಕಲ್ಲಿನ ಅಂಗಡಿಯಲ್ಲಿ ಮುದುಕಿ ಸೀರೆಯ ದಡಿಯನ್ನು ಎರಡು ಬೆರಳ ನಡುವೆ ಉಜ್ಜಿ ನೋಡಿ, “ಎಷ್ಟ ವರ್ಸ ತಾಳಿಕಿ ಬರತೈತಪಾ?” ಎಂದು ಕೇಳುತ್ತಾಳೆ. ಬಡಿಗೇರನು ತೊಲೆಯನ್ನು ಬೆರಳಿನಿಂದ ತಟ್ಟಿ, “ಇದು ಇಷ್ಟು ಮಾಳಿಗಿ ಮಣ್ಣ ತಾಳತೈತಿ, ಇನ್ನೊಂದು ಪದರು ಹಾಕಿದ್ರ ಬಾಗತೈತಿ” ಎನ್ನುತ್ತಾನೆ. ಚಕ್ಕಡಿ ಹೂಡುವ ಗೌಡ, “ಹತ್ತು ಚೀಲ ತಾಳತಾವ ಎತ್ತು, ಹನ್ನೊಂದನೇದು ಹೇರಬ್ಯಾಡ” ಎಂದು ಆಳಿಗೆ ಹೇಳುತ್ತಾನೆ. ಹಿಂಗಾರಿ ಬಿಳಿಜೋಳ ಬಿತ್ತಿದ ರೈತನು ಬೆರಳಿನಿಂದ ಮಣ್ಣು ಕೆದಕಿ ಹಸಿ ನೋಡಿ, “ಎರಿ ಹೊಲ ಇನ್ನ ಹದಿನೈದು ದಿನ ತಾಳತೈತಿ, ಮಸಾರಿ ತಾಳೂದಿಲ್ಲ” ಎನ್ನುತ್ತಾನೆ.

ಗಮನಿಸಿದಿರಾ? ಎಲ್ಲ ಕಡೆಯೂ ಒಂದು ಅಳತೆ ಇದೆ. ಎಷ್ಟು ವರ್ಷ, ಎಷ್ಟು ಮಣ್ಣು, ಎಷ್ಟು ಚೀಲ, ಎಷ್ಟು ದಿನ. ನಮ್ಮ ಒಕ್ಕಲು ಮಗ ಅಳತೆಯಿಲ್ಲದೆ ‘ತಾಳತೈತಿ’ ಎಂಬ ಮಾತನ್ನು ಬಾಯಿಂದ ಬಿಡುವುದೇ ಇಲ್ಲ. ಎತ್ತಿಗೆ ಅಳತೆ ಇದೆ, ತೊಲೆಗೆ ಅಳತೆ ಇದೆ, ನೂಲಿಗೆ ಅಳತೆ ಇದೆ. ನೊಂದ ಮನುಷ್ಯ ಎದುರಿಗೆ ಬಂದು ನಿಂತಾಗ ಮಾತ್ರ ಆ ಅಳತೆಯನ್ನು ಮರೆತು, ಬರಿದೇ ‘ತಾಳು’ ಎಂದುಬಿಡುತ್ತೇವೆ.

ಜೋಳದ ಹೊಲದ ಮಾತು ಬಂತಲ್ಲ, ಅಲ್ಲಿ ಇನ್ನೊಂದು ಸಂಗತಿಯೂ ಇದೆ. ಹಿಂಗಾರಿ ಜೋಳಕ್ಕೆ ಬಿತ್ತಿದ ಮೇಲೆ ಮಳೆ ಬರುವ ಭರವಸೆ ಇಲ್ಲ. ನೆಲದಲ್ಲಿ ಕೂಡಿಟ್ಟ ಹಸಿಯ ಮೇಲೆಯೇ ಅದು ತೆನೆ ಕಟ್ಟಬೇಕು. ಚಳಿಗಾಲ ಮುಂದುವರಿದಂತೆ ಎರೆಭೂಮಿ ಬಾಯ್ಬಿಡುತ್ತದೆ, ಬಿರುಕಿನೊಳಗಿಂದ ಹಸಿ ಆರಿಹೋಗುತ್ತದೆ. ಆಗ ರೈತ ಬದುವಿನ ಮೇಲೆ ನಿಂತು ಬೆಳೆಗೆ ಸಹನೆಯ ಉಪದೇಶ ಮಾಡುವುದಿಲ್ಲ. ಎಡೆಕುಂಟೆ ಹೂಡಿಕೊಂಡು ಸಾಲಿನ ನಡುವೆ ಇಳಿದು, ಬಿರುಕುಗಳನ್ನು ಮಣ್ಣಿನಿಂದ ಮುಚ್ಚುತ್ತ ಹೋಗುತ್ತಾನೆ. ಬೆಳೆ ತಾಳುವುದು ಅವನ ಆ ದುಡಿಮೆಯ ಬಲದಿಂದ.

ಉಳಿಪೆಟ್ಟು ತಿಂದ ಕಲ್ಲಿನ ಉದಾಹರಣೆಯ ಬಗ್ಗೆಯೂ ಈಗ ನಮಗೆ ಸ್ವಲ್ಪ ಸಂಕೋಚವಿದೆ. 2019ರ ಆಗಸ್ಟ್ ತಿಂಗಳಲ್ಲಿ ಮಲಪ್ರಭೆ ಉಕ್ಕಿ ಬಂದಾಗ ಪಟ್ಟದಕಲ್ಲಿನ ಗುಡಿಗಳ ಅಂಗಳಕ್ಕೆ ನೀರು ನುಗ್ಗಿತು, ಐಹೊಳೆಯಲ್ಲಿಯೂ ನುಗ್ಗಿತು. ಎಂಟನೆಯ ಶತಮಾನದ ವಿರೂಪಾಕ್ಷನ ಗುಡಿ ತಾಳಿತು. ಹೊಳೆದಂಡೆಯ ಮಣ್ಣಿನ ಮನೆಗಳು ತಾಳಲಿಲ್ಲ. ಕಲ್ಲಿಗೆ ಹಸಿವಿಲ್ಲ, ಅದರ ಮಡಿಲಲ್ಲಿ ಅಳುವ ಕೂಸಿಲ್ಲ, ಮೇವಿಲ್ಲದೆ ಒದರುವ ದನವಿಲ್ಲ. ಅದರ ತಾಳಿಕೆಯನ್ನು ಮನುಷ್ಯನಿಗೆ ಮಾದರಿಯಾಗಿ ಹಿಡಿಯುವಾಗ ನಾಲಿಗೆ ತುಸು ತಡವರಿಸಬೇಕು. 2009ರ ದೊಡ್ಡ ನೆರೆಯಲ್ಲಿ ಊರೂರುಗಳಿಂದ ಜೋಳದ ರೊಟ್ಟಿಯ ಗಂಟು, ಶೇಂಗಾ ಚಟ್ನಿಯ ಪೊಟ್ಟಣ ಬಂದವು. ರೊಟ್ಟಿಯ ಗಂಟನ್ನು ಬಿಚ್ಚಿ ಕೈಗಿಡುತ್ತ “ತಾಳ್ರಿ ಯವ್ವಾ, ಈ ಹೊಳಿ ಇಳೀತೈತಿ” ಎಂದವರ ಮಾತಿಗೆ ಒಂದು ಅಳತೆಯಿತ್ತು. ಇವತ್ತಿನ ಹಸಿವು ನಮ್ಮ ಪಾಲಿಗಿರಲಿ, ನಾಳೆಯ ಚಿಂತೆಯನ್ನು ನೀವು ಹಿಡಿದುಕೊಳ್ಳಿ ಎಂಬ ಪಾಲುಗಾರಿಕೆ ಅದರಲ್ಲಿತ್ತು.

ಇಲ್ಲಿ ನಮ್ಮ ತಪ್ಪೊಂದನ್ನು ಬರೆಯಲೇಬೇಕು. ಪೀಠದ ಮೇಲೆ ಕುಳಿತವನು ತನ್ನ ತಪ್ಪನ್ನು ಪತ್ರಿಕೆಯಲ್ಲಿ ಬರೆಯುವುದು ರೂಢಿಯಲ್ಲ ಎಂದು ನಮ್ಮ ಶಿಷ್ಯರೊಬ್ಬರು ಅಂದರು. ಆದರೂ ಬರೆಯುತ್ತೇವೆ.

ಇಪ್ಪತ್ತೈದು ವರ್ಷಗಳ ಮೇಲಾಯಿತು. ಅಮಾವಾಸ್ಯೆಯ ದಿನ ಒಬ್ಬ ಹೆಣ್ಣುಮಗಳು ಟೊಂಕದ ಮೇಲೆ ಕೂಸನ್ನು ಎತ್ತಿಕೊಂಡು ಮಠಕ್ಕೆ ಬಂದಳು. ನೇಕಾರರ ಮನೆಯ ಸೊಸೆ. ಗಂಡ ಕುಡಿಯುತ್ತಾನೆ, ಬಡಿಯುತ್ತಾನೆ, ದುಡಿದ ದುಡ್ಡು ಕಸಿದುಕೊಳ್ಳುತ್ತಾನೆ ಎಂದು ಅತ್ತಳು. ತವರಿಗೆ ಹೋಗಲೇ ಎಂದು ಕೇಳಲು ಬಂದಿದ್ದಳು. ಅಂದು ಮಠದಲ್ಲಿ ಜನ ಬಹಳ. ನಾವು ವಿಭೂತಿ ಕೊಟ್ಟು, “ತಾಳಿಕೊ ತಂಗಿ. ತಾಳಿದವರು ಬಾಳ್ಯಾರು. ಮಲ್ಲಯ್ಯ ಅವಗ ಒಳ್ಳೆ ಬುದ್ಧಿ ಕೊಡತಾನ” ಎಂದು ಹೇಳಿ ಕಳಿಸಿದೆವು. ಅವಳು ಸೆರಗಿನಲ್ಲಿ ವಿಭೂತಿಯನ್ನು ಕಟ್ಟಿಕೊಂಡು ಹೋದಳು. ನಾವು ಮುಂದಿನವರ ಕಡೆ ತಿರುಗಿದೆವು.

ಮೂರನೆಯ ವರ್ಷ ಮತ್ತೆ ಬಂದಳು. ಗುರುತು ಹತ್ತಲಿಲ್ಲ. ಬಲಗೈ ಮುರಿದು, ಸರಿಯಾಗಿ ಕೂಡದೆ ಮೊಣಕೈ ಹತ್ತಿರ ಸೊಟ್ಟಗಾಗಿತ್ತು. ಅವಳ ಮಾತಿನಲ್ಲಿ ಸಿಟ್ಟಿರಲಿಲ್ಲ. “ಅಜ್ಜಾರ, ನೀವು ಹೇಳಿದಂಗ ತಾಳೀನ್ರಿ. ಈಗ ಕೈ ತಾಳವಲ್ದು. ಕಂಡಿಕಿ ಸುತ್ತಾಕ ಬರವಲ್ದು” ಎಂದಳು.

ಬೈದಿದ್ದರೆ ಚೆನ್ನಾಗಿತ್ತು. ಅವಳು ನಮ್ಮ ಮಾತನ್ನು ಗುರುವಾಕ್ಯವೆಂದು ನಂಬಿ ಮೂರು ವರ್ಷ ನಡೆಸಿದ್ದಳು. ಆ ಮಾತನ್ನು ಹೇಳುವಾಗ ನಮ್ಮ ಹತ್ತಿರ ಅಳತೆ ಇರಲಿಲ್ಲ. ಎಷ್ಟು ದಿನ ತಾಳಬೇಕು, ಯಾವ ಪೆಟ್ಟಿನವರೆಗೆ ತಾಳಬೇಕು, ಅಷ್ಟರಲ್ಲಿ ನಾವೇನು ಮಾಡುತ್ತೇವೆ ಎಂಬ ಯಾವ ವಿಚಾರವೂ ಇರಲಿಲ್ಲ. ಎತ್ತಿನ ಮೇಲೆ ಚೀಲ ಹೇರುವವನಿಗೆ ಇರುವಷ್ಟು ಎಚ್ಚರವೂ ನಮಗಿರಲಿಲ್ಲ. ಅಂದು ಅವಳನ್ನು ಮಠದಲ್ಲಿಯೇ ಇರಿಸಿಕೊಂಡು, ತವರಿನ ಹಿರಿಯರನ್ನು ಕರೆಸಿ, ಗಂಡನ ಮನೆಯ ಮುಂದೆ ನಾವೇ ಹೋಗಿ ನಿಂತೆವು. ಮೂರು ವರ್ಷದ ಹಿಂದೆ ಮಾಡಬೇಕಿದ್ದ ಕೆಲಸ ಅದು. ಅವಳು ತವರಿನಲ್ಲಿ ನೆಲೆ ನಿಂತು, ಎಡಗೈಯಿಂದ ರಾಟಿ ತಿರುಗಿಸುವುದನ್ನು ರೂಢಿಸಿಕೊಂಡಳು. ಮಗ ಈಗ ದುಡಿಯುತ್ತಾನೆ. ಕೈ ಮಾತ್ರ ಹಾಗೆಯೇ ಇದೆ.

ಅದೇ ಕಾಲದಲ್ಲಿ ಇಳಕಲ್ಲಿನ ಹಿರಿಯ ಪೂಜ್ಯರು ಬೇರೊಂದು ದಾರಿ ತೋರಿಸಿದ್ದನ್ನು ನೆನೆಯದಿದ್ದರೆ ಅಪಚಾರವಾದೀತು. ಚಿತ್ತರಗಿ–ಇಳಕಲ್ಲ ವಿಜಯಮಹಾಂತೇಶ್ವರ ಮಠದ ಡಾ. ಮಹಾಂತ ಶಿವಯೋಗಿಗಳು 1975ರಿಂದ ‘ಮಹಾಂತ ಜೋಳಿಗೆ’ ಹಿಡಿದು ಊರೂರು ತಿರುಗಿದರು. ಜಂಗಮನ ಜೋಳಿಗೆಗೆ ಜೋಳ, ಹಿಟ್ಟು, ಕಾಣಿಕೆ ಬೀಳುವುದು ವಾಡಿಕೆ. ಅವರು ಬೇಡಿದ್ದು ಜನರ ದುಶ್ಚಟಗಳನ್ನು. ಸೆರೆಯನ್ನು ಇದರಲ್ಲಿ ಹಾಕು, ಬೀಡಿಯನ್ನು ಇದರಲ್ಲಿ ಹಾಕು ಎಂದು ಕುಡಿಯುವವನ ಮುಂದೆಯೇ ಜೋಳಿಗೆ ಒಡ್ಡಿದರು. ಅವರು 2018ರಲ್ಲಿ ಲಿಂಗೈಕ್ಯರಾದರು. ಅವರ ಜನ್ಮದಿನವಾದ ಆಗಸ್ಟ್ 1ನ್ನು ಕರ್ನಾಟಕ ಸರಕಾರ ವ್ಯಸನಮುಕ್ತ ದಿನವೆಂದು ಆಚರಿಸುತ್ತದೆ. ನಮಗೆ ತೋಚುವುದಿಷ್ಟು: ಪೆಟ್ಟು ತಿನ್ನುವವಳಿಗೆ ತಾಳೆಂದು ಹೇಳುವುದು ಸುಲಭ. ಪೆಟ್ಟು ಕೊಡುವವನ ಬಾಗಿಲಿಗೆ ಹೋಗಿ ನಿಂತು, ಅವನ ಬೈಗುಳವನ್ನು ತಾನು ತಾಳುವುದು ಕಷ್ಟ. ಆ ಎರಡನೆಯ ತಾಳ್ಮೆಯೇ ಗುರುವಿಗೆ ತಕ್ಕದ್ದು. ಈಗ 2005ರ ಕೌಟುಂಬಿಕ ಹಿಂಸೆ ತಡೆ ಕಾಯ್ದೆಯೂ ಇದೆ, 181 ಎಂಬ ಮಹಿಳಾ ಸಹಾಯವಾಣಿಯೂ ಇದೆ. ಮಠಕ್ಕೆ ಬಂದವರಿಗೆ ವಿಭೂತಿಯ ಜೊತೆಗೆ ನಾವು ಇದನ್ನೂ ಹೇಳಿ ಕಳಿಸುತ್ತೇವೆ. ಮನೆಯ ಮಾನ ಬೀದಿಗೆ ಬರುತ್ತದೆ ಎಂದು ಗೊಣಗುವ ಹಿರಿಯರು ಇದ್ದಾರೆ. ಮುರಿದ ಕೈ ಬೀದಿಗೆ ಕಾಣುವುದಿಲ್ಲವೇ ಎಂದು ಅವರನ್ನು ಕೇಳುತ್ತೇವೆ.

ಹಾಗಾದರೆ ತಾಳ್ಮೆಯನ್ನು ಬಿಟ್ಟುಬಿಡಬೇಕೆ ಎಂದು ಯಾರಾದರೂ ಕೇಳಿಯಾರು. ಹಾಗಲ್ಲ. ನಮ್ಮ ವೀರಶೈವ ಧರ್ಮದ ಪಂಚಾಚಾರಗಳನ್ನು ಬಲ್ಲವರಿಗೆ ಇದು ಹೊಸದಲ್ಲ. ಲಿಂಗಾಚಾರ, ಸದಾಚಾರ, ಶಿವಾಚಾರಗಳ ಜೊತೆಗೆ ಭೃತ್ಯಾಚಾರವೂ ಇದೆ, ಗಣಾಚಾರವೂ ಇದೆ. ನಾನು ಎಲ್ಲರಿಗಿಂತ ಕಿರಿಯ, ಭಕ್ತರ ಸೇವಕ ಎಂದು ಬಾಗುವುದು ಭೃತ್ಯಾಚಾರ. ಧರ್ಮಕ್ಕೆ, ಶರಣಸಮೂಹಕ್ಕೆ ಕೇಡಾಗುವಾಗ ಸುಮ್ಮನಿರದೆ ಎದ್ದು ನಿಲ್ಲುವುದು ಗಣಾಚಾರ. ನಮ್ಮ ಗುರುಗಳು ಇವೆರಡನ್ನೂ ಒಂದೇ ದಿನ ಪಾಠ ಹೇಳುತ್ತಿದ್ದರು, ಬೇರೆ ಬೇರೆ ದಿನ ಹೇಳಿದರೆ ಹುಡುಗರು ತಮಗೆ ಬೇಕಾದುದನ್ನಷ್ಟೇ ನೆನಪಿಟ್ಟುಕೊಳ್ಳುತ್ತಾರೆ ಎಂದು. ನಮಗೆ ತಿಳಿದಂತೆ, ತನ್ನ ಮೇಲೆ ಬಂದ ನಿಂದೆಯನ್ನು, ಬಡತನವನ್ನು, ಬೇನೆಯನ್ನು ತಾಳುವಾಗ ಭೃತ್ಯಾಚಾರ ಕೈ ಹಿಡಿಯುತ್ತದೆ. ಇನ್ನೊಬ್ಬರ ಮೇಲೆ ಬಿದ್ದ ಅನ್ಯಾಯವನ್ನು ನೋಡುತ್ತ ತಾಳ್ಮೆಯಿಂದ ಕುಳಿತವನಿಗೆ ಗಣಾಚಾರ ಮುಖ ತಿರುಗಿಸುತ್ತದೆ.

ಇದಕ್ಕೆ ನಮ್ಮ ಜಿಲ್ಲೆಯ ಕಲ್ಲೇ ಸಾಕ್ಷಿ ಹೇಳುತ್ತದೆ. ಬದಾಮಿಯ ತಟ್ಟುಕೋಟೆಯ ಬಳಿ ಬಂಡೆಯ ಮೇಲೆ ಕಪ್ಪೆ ಅರಭಟ್ಟನ ಶಾಸನವಿದೆ. ಏಳು–ಎಂಟನೆಯ ಶತಮಾನದ ಆಸುಪಾಸಿನದೆಂದು ವಿದ್ವಾಂಸರ ಮತ. ಕನ್ನಡದ ತ್ರಿಪದಿ ಮೊದಮೊದಲು ಕಾಣುವುದು ಅಲ್ಲಿಯೇ. ಹುಡುಗರಾಗಿದ್ದಾಗ ಶಾಸ್ತ್ರಿಗಳು ನಮ್ಮನ್ನು ನಡೆಸಿಕೊಂಡು ಹೋಗಿ ಆ ಅಕ್ಷರಗಳನ್ನು ತೋರಿಸಿದ್ದರು. ಬಿಸಿಲಿಗೆ ಕಾದ ಬಂಡೆ, ಬರಿಗಾಲು. ನಮ್ಮ ಲಕ್ಷ್ಯವೆಲ್ಲ ಕೆಳಗಿನ ಅಗಸ್ತ್ಯತೀರ್ಥದ ನೀರಿನ ಕಡೆಗಿತ್ತು. ಆ ಶಾಸನ ಅರಭಟ್ಟನ ಒಳ್ಳೆಯತನವನ್ನೂ ಸವಿನಡೆಯನ್ನೂ ಹೊಗಳುತ್ತದೆ. ಅದೇ ಉಸಿರಿನಲ್ಲಿ, ಕೇಡಿಗರ ಮುಂದೆ ಅವನು ಬಗ್ಗುವ ಆಳಲ್ಲ ಎಂಬುದನ್ನೂ ಸೇರಿಸುತ್ತದೆ. ಸಾವಿರದ ಮುನ್ನೂರು ವರ್ಷಗಳ ಹಿಂದೆ ಈ ನೆಲದ ಜನ ಒಬ್ಬ ಸಜ್ಜನನನ್ನು ನೆನಪಿಡುವಾಗ ಅವನ ಮೆತ್ತಗಿನ ಭಾಗವನ್ನಷ್ಟೇ ಕೆತ್ತಿಸಲಿಲ್ಲ.

ಈಗ ಮತ್ತೆ ಆ ಹಿರಿಯರ ಸಂಗತಿಗೆ ಬರೋಣ. ಪ್ರವಚನದ ಮಾಲಿಕೆ ಮುಗಿದ ಮೇಲೆ ಅವರ ಪುನರ್ವಸತಿ ಕೇಂದ್ರಕ್ಕೆ ನಾವೇ ಹೋದೆವು. ಹೋಗುತ್ತೇವೆಂದು ತಿಳಿಸಿರಲಿಲ್ಲ, ತಿಳಿಸಿದರೆ ಹಂದರ ಹಾಕಿಸಿ ಸಾಲ ಮಾಡುತ್ತಾರೆ. ಅವರು ಹೇಳಿದ್ದನ್ನು ಇದ್ದಕ್ಕಿದ್ದಂತೆ ಇಡುತ್ತೇವೆ.

1964ರ ಮೇ 22ರಂದು ಆಲಮಟ್ಟಿಯಲ್ಲಿ ಲಾಲ್ ಬಹಾದ್ದೂರ್ ಶಾಸ್ತ್ರಿಯವರು ಅಣೆಕಟ್ಟೆಗೆ ಅಡಿಗಲ್ಲು ಹಾಕಿದರು. ಹದಿನೆಂಟು ದಿನಗಳ ತರುವಾಯ ಅವರು ದೇಶದ ಪ್ರಧಾನಿಯಾದರು. ಆಗ ನಮ್ಮ ಈ ಹಿರಿಯರಿಗೆ ಮೀಸೆ ಚಿಗುರುವ ವಯಸ್ಸು. ಊರು ಮುಳುಗುತ್ತದೆ ಎಂಬ ಮಾತು ಅಂದಿನಿಂದ ಶುರುವಾಯಿತು. ಮುಳುಗುವ ಊರಿಗೆ ಹೆಣ್ಣು ಕೊಡಲು ಬೀಗರು ಹಿಂದೆ ಮುಂದೆ ನೋಡಿದರು. ಗೋಡೆ ಬಿರುಕು ಬಿಟ್ಟರೆ, ಇಂದೋ ನಾಳೆಯೋ ಹೋಗುವ ಮನೆಗೆ ಯಾಕೆ ಖರ್ಚು ಎಂದು ಬಿಟ್ಟರು. ಬಾವಿ ತೋಡಿಸಲಿಲ್ಲ. ಹೀಗೆ ಮೂವತ್ತು ವರ್ಷಕ್ಕೂ ಮಿಕ್ಕಿ ಕಳೆಯಿತು. “ನೀರು ಬಂದು ಮುಳುಗಿದ್ದು ಆಮ್ಯಾಲಿನ ಮಾತ್ರಿ ಅಜ್ಜಾರ. ಬರತೈತಿ ಬರತೈತಿ ಅಂತ ಅನಕೋತನ ನಾವು ಮೊದಲ ಮುಳುಗಿದ್ವಿ” ಎಂದರು ಅವರು.

1997ರಲ್ಲಿ ಬಾಗಲಕೋಟೆ ಬೇರೆ ಜಿಲ್ಲೆಯಾಯಿತು. ಹಳೆಯ ಪಟ್ಟಣದ ದೊಡ್ಡ ಭಾಗಕ್ಕೆ, ಘಟಪ್ರಭೆಯ ದಂಡೆಯ ಓಣಿಗಳಿಗೆ, ಸುತ್ತಲಿನ ಹಳ್ಳಿಗಳಿಗೆ ಹಿನ್ನೀರು ಬಂತು. ಅತ್ತ ಗುಡ್ಡದ ಮೇಲೆ ನವನಗರ ಎದ್ದಿತು. ಜಲಾಶಯದ ಮಟ್ಟ 519.60 ಮೀಟರಿಗೆ ನಿಂತಿತು. ಅದರಿಂದ ವಿಜಯಪುರ, ಯಾದಗಿರಿ, ರಾಯಚೂರು ಸೀಮೆಗಳ ಒಣ ಹೊಲಗಳಿಗೆ ಕಾಲುವೆಯ ನೀರು ಹರಿದದ್ದನ್ನು ನಾವು ಕಣ್ಣಾರೆ ಕಂಡಿದ್ದೇವೆ. ಆ ಪುಣ್ಯದಲ್ಲಿ ಮುಳುಗಿದವರ ಪಾಲು ದೊಡ್ಡದು. 2010ರ ಡಿಸೆಂಬರಿನಲ್ಲಿ ಕೃಷ್ಣಾ ನ್ಯಾಯಮಂಡಳಿ ಮಟ್ಟವನ್ನು 524.256 ಮೀಟರಿಗೆ ಏರಿಸಲು ಒಪ್ಪಿಗೆ ಕೊಟ್ಟಿತು. ಅಂದಿನಿಂದ ಇನ್ನಷ್ಟು ಹಳ್ಳಿಗಳ ಜನ ಅದೇ ಹಳೆಯ ಲೆಕ್ಕದಲ್ಲಿ ಸಿಕ್ಕಿಕೊಂಡರು. ಗೋಡೆಗೆ ಸುಣ್ಣ ಹಚ್ಚಿಸಬೇಕೋ ಬೇಡವೋ, ಮಗನಿಗೆ ಮನೆ ಕಟ್ಟಿಸಬೇಕೋ ಬೇಡವೋ.

ಈ ಹಿರಿಯರ ಹೊಲದ ಪರಿಹಾರದ ಒಂದು ಕಂತು ಇನ್ನೂ ಬಂದಿಲ್ಲ. ದಾಖಲೆಯಲ್ಲಿ ಹೆಸರಿನ ಒಂದು ಅಕ್ಷರ ತಪ್ಪಾಗಿದೆ. ಅದನ್ನು ತಿದ್ದಿಸಲು ವರ್ಷಗಳಿಂದ ಒಂದು ಕಚೇರಿಗೆ ಅಲೆಯುತ್ತಿದ್ದಾರೆ. ಅಲ್ಲಿ ಅವರಿಗೆ ಯಾರೂ ಕೆಟ್ಟದಾಗಿ ಮಾತನಾಡಿಲ್ಲವಂತೆ. ಹೋದಾಗಲೆಲ್ಲ ಕುರ್ಚಿ ಕೊಟ್ಟು, “ಸ್ವಲ್ಪ ತಾಳ್ರಿ ಅಜ್ಜಾ” ಎನ್ನುತ್ತಾರಂತೆ. ನಮ್ಮ ಪ್ರವಚನದಲ್ಲಿಯೂ ಅದೇ ಮಾತು ಕೇಳಿದಾಗ ಅವರಿಗೆ ನಗು ಬಂದದ್ದು ಆ ಕಾರಣದಿಂದ.

ಅವರ ಊರಿನಿಂದ ಕೂಡಲಸಂಗಮ ದೂರವಲ್ಲ. ಕೃಷ್ಣೆ, ಮಲಪ್ರಭೆ ಕೂಡುವ ಆ ಸ್ಥಳದಲ್ಲಿ ಬಸವಣ್ಣನವರ ಐಕ್ಯಸ್ಥಳವಿದೆ. ಹಿನ್ನೀರಿಗೆ ಅದು ಮುಳುಗಬೇಕಾಗಿತ್ತು. ಮುಳುಗಲಿಲ್ಲ. ಸುತ್ತಲೂ ಬಾವಿಯಂತೆ ದುಂಡಗೆ ಎತ್ತರದ ಗೋಡೆ ಕಟ್ಟಿದರು. ಹೊರಗೆ ನೀರು ತುಂಬಿ ನಿಂತಿರುವಾಗ ಭಕ್ತರು ಮೆಟ್ಟಿಲಿಳಿದು ಒಳಗೆ ಹೋಗಿ ಒಣಗಿದ ನೆಲದ ಮೇಲೆ ನಿಂತು ಕೈ ಮುಗಿಯುತ್ತಾರೆ. ಆ ಗೋಡೆ ಹೊಳೆಯ ಭಾರವನ್ನೆಲ್ಲ ತಾಳಿಕೊಂಡಿದೆ. ಒಳಗಿನ ಹಳೆಯ ಕಲ್ಲುಮಂಟಪಕ್ಕೆ ತಾಳು ಎಂದು ಹೇಳಿ ಯಾರೂ ಕೈಬಿಡಲಿಲ್ಲ. ಇಷ್ಟು ಮೀಟರು ನೀರು ಬರುತ್ತದೆ, ಇಷ್ಟು ದಪ್ಪ ಗೋಡೆ ಬೇಕು ಎಂದು ಲೆಕ್ಕ ಹಾಕಿ ಕಟ್ಟಿದರು. ಮನಸ್ಸು ಮಾಡಿದರೆ ಅಳತೆ ಹಿಡಿಯುವುದು ನಮ್ಮ ಜನಕ್ಕೆ ಬರುತ್ತದೆ.

ಇಳಕಲ್ಲ ಸೀರೆ ನೇಯುವವರನ್ನು ನೋಡಿದವರಿಗೆ ಇದು ಇನ್ನೂ ಚೆನ್ನಾಗಿ ತಿಳಿದೀತು. ಅಲ್ಲಿ ಒಡಲಿನ ಹಾಸು ಬೇರೆ, ಸೆರಗಿನ ಹಾಸು ಬೇರೆ. ಒಡಲಿಗೆ ಹತ್ತಿಯ ಎಳೆ, ಸೆರಗಿಗೆ ರೇಷ್ಮೆಯ ಎಳೆ ಇರುವುದುಂಟು. ಒಡಲಿನ ಒಂದೊಂದು ಎಳೆಗೂ ಸೆರಗಿನ ಒಂದೊಂದು ಎಳೆಯನ್ನು ಕೊಂಡಿ ಹಾಕಿ ಕೂಡಿಸಬೇಕು. ಕುಣಿಮಗ್ಗದ ಮನೆಯಲ್ಲಿ ಹೆಂಗಸರು ಮಕ್ಕಳು ಕೂಡಿ ಮಾಡುವ ಕೆಲಸ ಅದು, ಸಾವಿರಾರು ಎಳೆ. ಒಂದೇ ಎಳೆಯ ಮೇಲೆ ಸೀರೆಯ ಭಾರ ಬೀಳದಂತೆ ಎಲ್ಲ ಕೊಂಡಿಗಳೂ ಹಂಚಿಕೊಂಡು ಹಿಡಿದಿರುತ್ತವೆ. ತೋಪ ತೆನಿಯ ಕೆಂಪು ಸೆರಗು ಎಲ್ಲರ ಕಣ್ಣಿಗೂ ಬೀಳುತ್ತದೆ, ಕೊಂಡಿ ಯಾರ ಕಣ್ಣಿಗೂ ಬೀಳುವುದಿಲ್ಲ. ಆ ಹೆಣ್ಣುಮಗಳು, ಅದೇ ಸೊಟ್ಟಗಾದ ಕೈಯವಳು, ಈಗಲೂ ಎಡಗೈಯಲ್ಲಿ ಕೊಂಡಿ ಹಾಕುತ್ತಾಳೆ. ಕಳೆದ ದೀಪಾವಳಿಗೆ ಮಠಕ್ಕೆ ಬಂದಾಗ ತಾನು ಹಾಕಿದ್ದೆಂದು ಒಂದು ಸೀರೆಯನ್ನು ತೋರಿಸಿದಳು. ಎಲ್ಲಿ ಕೂಡಿದೆ ಎಂದು ಕನ್ನಡಕ ಹಾಕಿಕೊಂಡು ಹುಡುಕಿದೆವು.

ಹಿರಿಯರ ಮನೆಯಲ್ಲಿ ಒಂದು ತಾಸು ಕುಳಿತಿದ್ದೆವು. ಪುನರ್ವಸತಿ ಕೇಂದ್ರದ ಮನೆ, ತಗಡಿನ ಪಡಸಾಲೆ. ನಡುವೆ ಮಾತ್ರ ಹಳೆಯ ಕಾಲದ ದಪ್ಪ ತೊಲೆಯೊಂದು ಅಡ್ಡ ಕುಳಿತಿದೆ. ಅಷ್ಟು ಸಣ್ಣ ಮನೆಗೆ ಅಷ್ಟು ದೊಡ್ಡ ತೊಲೆ ಬೇಕಾಗಿಯೇ ಇಲ್ಲ. ಮುಳುಗುವ ಮುಂಚೆ ಮಾಳಿಗೆ ಕೆಡವಿ, ಚಕ್ಕಡಿಯ ಮೇಲೆ ಹೇರಿಕೊಂಡು ಬಂದದ್ದಂತೆ. “ನಮ್ಮಪ್ಪ ಹಾಕಿಸಿದ್ದರಿ. ಇನ್ನೂ ನಲವತ್ತು ವರ್ಸ ತಾಳತೈತಿ” ಎಂದು ಕೋಲಿನ ತುದಿಯಿಂದ ಅದನ್ನು ಮುಟ್ಟಿ ತೋರಿಸಿದರು. ಸೊಸೆ ಚಹಾ ತಂದಿಟ್ಟಳು. ನಾವು ಕಾಗದದ ಗಂಟನ್ನು ಕೇಳಿದೆವು. ಅವರು ಪೆಟ್ಟಿಗೆಯಿಂದ ತೆಗೆದು ಕೊಟ್ಟರು. ಉತಾರ, ನೋಟೀಸು, ಅರ್ಜಿಯ ನಕಲು, ಎಲ್ಲವನ್ನೂ ಹಳೆಯ ಧೋತರದ ತುಂಡಿನಲ್ಲಿ ಕಟ್ಟಿದ್ದರು. ಬರುವ ಸೋಮವಾರ ಹನ್ನೊಂದು ಗಂಟೆಗೆ ಮತ್ತೆ ಬರಲು ಹೇಳಿದ್ದಾರಂತೆ. ನಾವೂ ಜೊತೆಗೆ ಬರುತ್ತೇವೆ ಎಂದೆವು. “ನೀವು ಯಾಕ್ರಿ ಅಜ್ಜಾರ, ಅಲ್ಲಿ ಭಾಳ ಹೊತ್ತು ಕುಂದ್ರಸ್ತಾರ” ಎಂದರು. ಅಂದಿನ ಪಾದಪೂಜೆಯ ಕಾರ್ಯಕ್ರಮವನ್ನು ಮುಂದಕ್ಕೆ ಹಾಕಲು ಮಠದ ಕಾರ್ಯದರ್ಶಿಗೆ ತಿಳಿಸಿದ್ದೇವೆ.